ಸೈಕಲ್ ಚಡ್ಡಿಯ ಅಳತೆ

ಮನೆಯಲ್ಲಿ ಒಬ್ಬನೇ ಆದ ಮೇಲೆ ನಗೆಪಾಟಲಾಗುವ ಸಂಗತಿಗಳು ಹೆಚ್ಚು ನಡೆಯುತ್ತಿವೆ. ಮೊದಲೂ ನಡೆಯಬಹುದಿತ್ತೇನೋ, ಆಗ ತಡೆಯುವವಳು ಇದ್ದಳು.

೧. ಚೈನ್

ನನ್ನ ಹೆಂಡತಿ ಕೊನೆಯದಾಗಿ ನನಗೆಂದು ಕೊಂಡದ್ದು ಒಂದು ಗೇರ್ ಸೈಕಲ್. ಗುಡ್ಡ ಹತ್ತುವಂಥದ್ದು, ದಪ್ಪ ಟೈರಿನದು. "ರಿಟೈರ್ ಆದ್ಮೇಲೆ ಕೂತಲ್ಲೇ ಕೂತಿರ್ತೀರಿ, ನಂಗೊತ್ತು. ಈಗಿಂದ್ಲೇ ತುಳೀರಿ" ಅಂದಿದ್ದಳು. ಆಮೇಲೆ ಅವಳು ತೀರಿಹೋದಳು. ಸೈಕಲ್ ನಮ್ಮ ಚೆಂಬೂರಿನ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಎಂಟು ತಿಂಗಳು ನಿಂತಿತು. ಯಾರೋ ಅದರ ಹ್ಯಾಂಡಲ್ಲಿನ ಮೇಲೆ ಕರವಸ್ತ್ರ ಒಣಹಾಕತೊಡಗಿದರು. ಕೊನೆಗೆ ಸೊಸೈಟಿಯ ಸೆಕ್ರೆಟರಿ ಬಂದು, "ಸರ್, ಈ ತಿಂಗಳೊಳಗೆ ಓಡಿಸಿ. ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಟುಬಿಡಿ" ಎಂದರು. ಕೊಡುವ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಿದೆ. ಈ ಜಾತಿಯ ಸೈಕಲ್ಲಿಗೆ ಚೈನ್ ಕವರ್ ಇರುವುದಿಲ್ಲವೆಂಬುದು ಗೇಟಿನ ಹತ್ತಿರ ತಿಳಿಯಿತು. ಬಲಗಾಲಿನ ಪ್ಯಾಂಟು ಚೈನಿಗೆ ಸಿಕ್ಕಿ, ನಾನು ಸೈಕಲ್ ಸಮೇತ ವಾಚ್‌ಮನ್‌ನ ಮೇಲೆ ನಿಧಾನವಾಗಿ ವಾಲಿದೆ. ಅವನು ಕತ್ತರಿ ತಂದು, ನಾಲ್ಕು ಬೆರಳಷ್ಟು ಬಟ್ಟೆ ಕತ್ತರಿಸಿ ನನ್ನನ್ನು ಬಿಡಿಸಿದ. "ಮಾಸ್ಟರ್‌ಜೀ, ಚಡ್ಡಿ ಪೆಹನೋ" ಎಂದ, ಚಡ್ಡಿ ಹಾಕಿಕೊಳ್ಳಿ ಅಂತ. ಇಷ್ಟು ಚಿಕ್ಕದಾಗಿ ನಾನು ತರಗತಿಯಲ್ಲಿ ಯಾವ ಪಾಠವನ್ನೂ ಮುಗಿಸಿದವನಲ್ಲ.

೨. ಗಾದಿ

ಫೋರ್ಟ್ ಪೇಟೆಯ ಸ್ಪೋರ್ಟ್ಸ್ ಸಾಮಾನಿನ ಅಂಗಡಿಗೆ ಹೋದೆ. ಗುಡ್ಡದ ಸೈಕಲ್ಲಿಗೆಂದೇ ಮಾಡಿದ ಚಡ್ಡಿ ತೋರಿಸಿದರು. ಕೂರುವ ಜಾಗಕ್ಕೆ ಒಳಗಡೆ ಸಣ್ಣ ಗಾದಿ ಹೊಲಿದಿತ್ತು.

"ಸೈಕಲ್ಲಿಗೇ ಮೆತ್ತನೆ ಸೀಟಿದೆಯಲ್ಲ?" ಎಂದು ನನ್ನ ಹಿಂದಿಯಲ್ಲಿ ಕೇಳಿದೆ.

"ಈಗ ಹಾಗನ್ನಿಸುತ್ತೆ. ಗುಡ್ಡ ಇಳಿದ ಮೇಲೆ ಬಂದು ಹೇಳಿ" ಎಂದರು ಅಂಗಡಿಯವರು.

ಸೊಂಟ ಎಷ್ಟೆಂದರು. "ಮೂವತ್ತನಾಲ್ಕು" ಎಂದೆ. ಮದುವೆಯಾದಾಗಿನಿಂದ ಅಷ್ಟೇ; ಸ್ಟಾಫ್ ರೂಮಿನಲ್ಲಿ ನಾನು ಜಂಬ ಕೊಚ್ಚಿಕೊಂಡ ಒಂದೇ ವಿಷಯ. ಆದರೆ ಅವರ ಮೂವತ್ತನಾಲ್ಕು ನನ್ನ ತೊಡೆಯವರೆಗೆ ಬಂದು ನಿಂತುಬಿಟ್ಟಿತು. ನನ್ನ ಪ್ಯಾಂಟಿನ ಸೊಂಟಪಟ್ಟಿ ತಿರುಗಿಸಿ, ಒಳಗೆ ಟೇಲರ್ ಶಾಯಿಯಲ್ಲಿ ಬರೆದಿದ್ದ ಸಂಖ್ಯೆಯನ್ನು ತೋರಿಸಿದೆ. "ನಿಮ್ಮ ಚಡ್ಡಿಯ ಅಳತೆ ತಪ್ಪು."

"ಟೇಪು ತರಲಾ?" ಎಂದರು.

"ಟೇಪೂ ನಿಮ್ಮದೇ ತಾನೆ" ಎಂದು ಹೇಳಿ ಹೊರಬಂದೆ.

೩. ಮರದ ಸ್ಕೇಲು

ಚೈನಿಗೆ ಸಿಕ್ಕಿದ್ದ ಪ್ಯಾಂಟನ್ನೇ ಚಡ್ಡಿ ಮಾಡಲು ಕೂತೆ. ನಾನು ಗಣಿತದ ಮೇಷ್ಟ್ರು. ತರಗತಿಯ ಮರದ ಸ್ಕೇಲಿನಿಂದ ಎರಡೂ ಕಾಲುಗಳನ್ನು ಕೆಳತುದಿಯಿಂದ ಮೇಲಕ್ಕೆ ಸರಿಯಾಗಿ ಹದಿನಾರು ಇಂಚು ಅಳೆದು, ಗೆರೆ ಎಳೆದು ಕತ್ತರಿಸಿದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಲಗಾಲಿನ ಕೆಳತುದಿಯನ್ನು ವಾಚ್‌ಮನ್ ಆಗಲೇ ಕತ್ತರಿಸಿದ್ದನೆಂಬುದು ಮರೆತಿತ್ತು. ಎಡಗಾಲು ಮೊಣಕಾಲಿಗೆ ಬಂತು, ಬಲಗಾಲು ನಾಲ್ಕು ಬೆರಳು ಮೇಲೆ ಹೋಯಿತು.

ನಡೆದು ನೋಡೋಣವೆಂದು ಪ್ಯಾಸೇಜಿಗೆ ಬಂದರೆ, ಎದುರು ಮನೆಯ ಮಂಗಳೂರಿನ ಅಜ್ಜಿ ಬಾಗಿಲು ತೆಗೆದರು. ಒಮ್ಮೆ ಎಡಗಾಲು ನೋಡಿದರು, ಒಮ್ಮೆ ಬಲಗಾಲು.

"ಮಾಸ್ಟ್ರೇ, ಊಟ ಎಲ್ಲ ಸರಿ ಮಾಡ್ತೀರಲ್ಲ?"

"ಮಾಡ್ತೀನಮ್ಮ. ಇದು ಸೈಕಲ್ಲಿಗೆ."

"ಆಯ್ತು, ಆಯ್ತು. ಹೇಳ್ಬೇಕಂತ ಇಲ್ಲ" ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಸಂಜೆಯೊಳಗೆ ಮೂರು ಮನೆಗಳಿಂದ ಸಾರು ಬಂತು. ಹೆಂಡತಿ ತೀರಿಕೊಂಡ ವಾರದಲ್ಲೂ ಅಷ್ಟು ಬಂದಿರಲಿಲ್ಲ.

೪. ಸೊಂಟಪಟ್ಟಿ

ಸೆಕ್ರೆಟರಿ ಕೊಟ್ಟ ತಿಂಗಳು ಮುಗಿಯಲು ಒಂದು ವಾರ ಉಳಿದಿತ್ತು. ಮಾರ್ಕೆಟ್ಟಿನ ಹಿಂದೆ ಕೂರುವ ಬಿಜಾಪುರದ ಕಡೆಯ ಟೇಲರ್ ಹತ್ತಿರ ಹೋದೆ. ನನ್ನ ಪ್ಯಾಂಟುಗಳೆಲ್ಲ ಅವನೇ ಹೊಲಿದವು, ಆದರೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಬಟ್ಟೆ ಒಯ್ಯುತ್ತಿದ್ದವಳು ಹೆಂಡತಿಯೇ.

ಹೆಸರು ಹೇಳಿ, "ಸೊಂಟ ಮೂವತ್ತನಾಲ್ಕು" ಎಂದೆ. ಅವನು ಅಳತೆಯ ಪುಸ್ತಕ ತಿರುವಿ, ನನ್ನ ಹೊಟ್ಟೆ ನೋಡಿ, ಮೂವತ್ತೆಂಟು ಎಂದು ಬರೆದುಕೊಂಡ.

"ಮೂವತ್ತನಾಲ್ಕು ಅಂದೆನಲ್ಲಪ್ಪ."

"ಹೌದ್ರಿ ಮಾಸ್ತರ. ಸಿಟ್ಟಾಗಬ್ಯಾಡ್ರಿ. ನಿಮ್ಮನಿ ಅಕ್ಕಾರು ಮೊದಲ ಹೇಳಿದ್ರು, 'ಅವರು ಮೂವತ್ನಾಕ ಅಂತಾರ, ಅನ್ಲಿ ಬಿಡು. ನೀನು ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ದೊಡ್ಡದು ಮಾಡ್ಕೋಂತ ಹೋಗು. ಪಟ್ಟಿ ಒಳಗ ಮಾತ್ರ ಮೂವತ್ನಾಕ ಅಂತನ ಬರಿ' ಅಂತ."

ಅವನ ಸ್ಟೂಲಿನ ಮೇಲೆ ಕೂತೆ. ಅವನು ನೀರು ಕೊಟ್ಟ. ಆಮೇಲೆ ಕೇಳಿದ, "ಈ ಚಡ್ಡಿಗೆ ಎಷ್ಟಂತ ಬರೀಲ್ರಿ?"

"ಅವಳು ಹೇಳಿದಷ್ಟೇ ಬರಿ" ಎಂದೆ.

ಆ ಭಾನುವಾರ ಸೈಕಲ್ ಗೇಟು ದಾಟಿತು. ಚಡ್ಡಿ ಎಲ್ಲೂ ಬಿಗಿಯಾಗಲಿಲ್ಲ. ಮೂವತ್ತನಾಲ್ಕು ನನಗೆ ಯಾವಾಗಲೂ ಸರಿಹೋಗುತ್ತದೆ.