ಮ್ಯಾಮೊಗ್ರಾಮ್ ಸಿಕ್ಕಿದವರು, ಸಿಗದವರು

ಹೆಂಗಸರು ಒಡವೆ, ಸೀರೆ ನೋಡಿ ಮಾತ್ರ ಹೊಟ್ಟೆ ಉರಿಸಿಕೊಳ್ಳುತ್ತಾರೆ ಅನ್ನುವವರು ವಿರಾಜಪೇಟೆಯ ನಮ್ಮ ಆಸ್ಪತ್ರೆಯ ಮೊದಲ ಮಹಡಿ ಹತ್ತಿದವರಲ್ಲ. ಅಲ್ಲಿ ಸ್ತನದ ಎಕ್ಸ್‌ರೇ ತೆಗೆಯುವ ಯಂತ್ರ ಇದೆ. ಮ್ಯಾಮೊಗ್ರಾಮ್ ಅನ್ನುತ್ತಾರಲ್ಲ, ಅದೇ. ಅದನ್ನು ನಡೆಸುವವಳು ನಾನು. ಹೆದರಿ ಬಾರದವರು ಎಷ್ಟೋ ಜನ. ಆದರೆ ಪಕ್ಕದ ಮನೆಯವಳಿಗೆ ಆಯಿತು, ನನಗೇಕೆ ಆಗಲಿಲ್ಲ ಎಂದು ಜಗಳಕ್ಕೆ ಬರುವವರೂ ಕಡಿಮೆ ಇಲ್ಲ. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ವಯಸ್ಸಿನ ನಿಯಮ ಬದಲಾದ ವರ್ಷವಂತೂ ದಿನಕ್ಕೊಂದು ನಡೆಯಿತು.

೧. ಒಂದು ನಿಮಿಷದಲ್ಲಿ ಎಂಟು ವರ್ಷ

ನಮ್ಮಲ್ಲಿ ತಿಂಗಳಿಗೊಂದು ದಿನ ಉಚಿತ ತಪಾಸಣೆ. ಮೊದಲು ಐವತ್ತು ದಾಟಿದವರಿಗೆ ಮಾತ್ರ ಇತ್ತು. ನಲವತ್ತಕ್ಕೇ ಶುರು ಮಾಡಬೇಕು ಎಂಬ ಮಾತು ಎಲ್ಲೆಲ್ಲೋ ಎದ್ದು, ಪೇಪರಿನಲ್ಲಿ ಬಂದು, ಟಿವಿಯಲ್ಲಿ ಜಗಳವಾಗಿ, ಕೊನೆಗೆ ನಮ್ಮ ಬೋರ್ಡೂ ಬದಲಾಯಿತು: 'ನಲವತ್ತು ತುಂಬಿದವರಿಗೆ'.

ಮೊದಲ ದಿನವೇ ಇಬ್ಬರು ಓರಗಿತ್ತಿಯರು ಒಂದೇ ಆಟೋದಲ್ಲಿ ಬಂದಿಳಿದರು. ಹಿರಿಯವರು ಕೂದಲಿಗೆ ಬಣ್ಣ ಹಚ್ಚಿ, ತುಟಿಗೂ ಸ್ವಲ್ಪ ಹಚ್ಚಿದ್ದರು. ಸಾಲಿನಲ್ಲಿ ಅವರೇ ಮುಂದೆ.

"ವಯಸ್ಸು?" ಎಂದೆ.

ಹಿಂದೆ ನಿಂತವರನ್ನು ಒಮ್ಮೆ ನೋಡಿ, ಮೆಲ್ಲಗೆ, "ಮೂವತ್ತೊಂಬತ್ತು" ಎಂದರು.

"ಹಾಗಾದ್ರೆ ಮುಂದಿನ ವರ್ಷ ಬನ್ನಿ ಅಕ್ಕ. ನೆಕ್ಸ್ಟ್?"

ಕಿರಿಯವರು ಮುಂದೆ ಬಂದು ಯಾವ ಮುಚ್ಚುಮರೆ ಇಲ್ಲದೆ, "ನಲವತ್ತಮೂರು" ಎಂದರು.

"ಒಳಗೆ ಹೋಗಿ ಕೂತ್ಕೊಳ್ಳಿ."

ಹಿರಿಯವರ ಮುಖ ಕೆಂಪಾಯಿತು. "ಅದು ಹೇಗೆ? ಆ ಮನೆಗೆ ಮೊದಲು ಬಂದ ಸೊಸೆ ನಾನು. ಅವಳಿಗೆ ಮೊದಲು ಆಗೋದು ಅಂದ್ರೆ?"

"ನಿಮಗೆ ಮೂವತ್ತೊಂಬತ್ತು ಅಂದ್ರಲ್ಲ."

"ಬರ್ಕೊಳ್ಳಿ, ನಲವತ್ತೇಳು!"

ಒಂದು ನಿಮಿಷದಲ್ಲಿ ಎಂಟು ವರ್ಷ ಬೆಳೆದವರನ್ನು ನಾನು ನೋಡಿದ್ದು ಅದೇ ಮೊದಲು. ಆಧಾರ್ ಕಾರ್ಡ್ ಕೇಳಿದೆ. ಅದರಲ್ಲಿ ಐವತ್ತೊಂದು.

"ಅಕ್ಕ, ಹಳೇ ನಿಯಮದಲ್ಲೇ ನಿಮಗೆ ಆಗ್ತಿತ್ತಲ್ಲ. ಆಗಲೇ ಯಾಕೆ ಬರಲಿಲ್ಲ?"

"ಆಗ ಅವಳಿಗೆ ಆಗ್ತಿರಲಿಲ್ಲವಲ್ಲ" ಎಂದರು. "ನನಗೇನು ಅವಸರ ಇತ್ತು?"

೨. ಚಪ್ಪಾಳೆ

ಹೊಟ್ಟೆಕಿಚ್ಚು ಬರೀ ಸಾಲಿನಲ್ಲಿ ನಿಂತವರಿಗೆ ಮಾತ್ರವಲ್ಲ. ನಮ್ಮಲ್ಲಿ ಒಬ್ಬರು ಹಿರಿಯ ಸರ್ಜನ್, ಒಬ್ಬರು ಹೊಸದಾಗಿ ಬಂದ ಲೇಡಿ ಡಾಕ್ಟರ್. ಹಿರಿಯರದು ಐವತ್ತರ ಪಕ್ಷ. ಚಿಕ್ಕ ವಯಸ್ಸಿನಲ್ಲಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಇಲ್ಲದ ರೋಗಕ್ಕೆ ಹೆದರಿಸಿದಂತಾಗುತ್ತದೆ, ಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ ಎಂದು ಅವರ ವಾದ. ಲೇಡಿ ಡಾಕ್ಟರದು ನಲವತ್ತರ ಪಕ್ಷ. ಐವತ್ತರವರೆಗೆ ಕಾಯುತ್ತ ಕೂತರೆ ಕೆಲವರು ಕೈತಪ್ಪಿ ಹೋಗುತ್ತಾರೆ ಎಂದು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಲೇಡಿ ಡಾಕ್ಟರ ಬಾಗಿಲಲ್ಲಿ ಸಾಲು ಮೆಟ್ಟಿಲವರೆಗೆ ಇಳಿಯುತ್ತಿತ್ತು, ಹಿರಿಯರು ಒಂದೇ ಪೇಪರನ್ನು ಮೂರು ಸಲ ಓದುತ್ತಿದ್ದರು. ವಾದಕ್ಕೆ ಅದರ ಖಾರವೂ ಸೇರಿತ್ತು.

ಹತ್ತಿರದ ಬಿಟ್ಟಂಗಾಲ ಊರಿನಲ್ಲಿ ಒಂದು ಭಾನುವಾರ ಮಹಿಳೆಯರ ಸಭೆಯಲ್ಲಿ ಇಬ್ಬರನ್ನೂ ಮಾತಿಗೆ ಕರೆದರು. ಒಬ್ಬರಿಗೆ ಚಪ್ಪಾಳೆ ಬಿದ್ದರೆ ಇನ್ನೊಬ್ಬರು ಅದು ನಿಲ್ಲುವವರೆಗೆ ಕಿಟಕಿಯಾಚೆ ಕಾಫಿ ಗಿಡ ನೋಡುತ್ತಿದ್ದರು. ಒಂದೂವರೆ ಗಂಟೆ ಆಯಿತು. ಐವತ್ತು, ನಲವತ್ತು, ಐವತ್ತು, ನಲವತ್ತು. ಕೊನೆಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೋಲೂರಿ ಎದ್ದರು.

"ಅಲ್ಲ ಡಾಕ್ಟ್ರೇ, ನೀವಿಬ್ಬರೂ ಒಂದು ತೀರ್ಮಾನಕ್ಕೆ ಬರೋ ಹೊತ್ತಿಗೆ ಇಲ್ಲಿರೋ ನಲವತ್ತರವರಿಗೆಲ್ಲ ಐವತ್ತಾಗಿರುತ್ತೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಅವರ ಜೊತೆ ನಾನೂ ಇದ್ದೆ. ಪೇಟೆ ಹತ್ತಿರ ಬಂದಾಗ ಹಿರಿಯರು, "ಆ ಮುದುಕಿಗೆ ಅಷ್ಟೊಂದು ಚಪ್ಪಾಳೆ ಯಾಕೆ ಅಂತ?" ಎಂದರು. ಲೇಡಿ ಡಾಕ್ಟರು, "ನಾನೂ ಅದನ್ನೇ ಯೋಚಿಸ್ತಾ ಇದ್ದೆ ಸರ್" ಎಂದರು. ಆ ಇಡೀ ವರ್ಷದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

೩. ಕಾರ್ಡಿನ ಜೊತೆಗೆ

ಉಚಿತ ದಿನ ಬಿಟ್ಟು ಬೇರೆ ದಿನ ಬಂದರೆ ಬಿಪಿಎಲ್ ಕಾರ್ಡಿನವರಿಗೆ ನಮ್ಮಲ್ಲಿ ಪುಕ್ಕಟೆ. ಉಳಿದವರು ಕೈಯಿಂದ ಕೊಡಬೇಕು. ಒಂದು ದಿನ ಕಾಫಿ ತೋಟದ ಸಾಹುಕಾರಮ್ಮ ಒಬ್ಬರು ತಮ್ಮ ತೋಟದ ಆಳು ಹೆಂಗಸನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಆಳಿನವಳು ಕಾರ್ಡ್ ತೋರಿಸಿದಳು, ಒಳಗೆ ಬಾ ಎಂದೆ. ಸಾಹುಕಾರಮ್ಮನಿಗೆ ಬಿಲ್ಲಿನ ಕೌಂಟರ್ ತೋರಿಸಿದೆ.

"ನನಗೆ ದೊಡ್ಡ ಇನ್ಶೂರೆನ್ಸ್ ಇದೆ" ಎಂದು ಅವರು ಅಲ್ಲೇ ಏಜೆಂಟನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಮೇಡಂ, ಕಾಯಿಲೆ ಇದ್ರೆ ಪೂರ್ತಿ ಕೊಡ್ತೀವಿ. ಇದೆಯಾ ಅಂತ ನೋಡೋದಕ್ಕೆ ಕೊಡಲ್ಲ" ಎಂದ ಅವನು.

"ನೋಡದೆ ಇದೆ ಅಂತ ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ಮೇಡಂ, ನೋಡಿಸ್ಕೋಬೇಕು."

"ನೋಡಿಸ್ಕೊಂಡ್ರೆ ಕೊಡ್ತೀರಾ?"

"ಕಾಯಿಲೆ ಇದ್ರೆ ಕೊಡ್ತೀವಿ ಮೇಡಂ."

ಫೋನ್ ಇಟ್ಟ ಸಾಹುಕಾರಮ್ಮ ಬೆಂಚಿನಲ್ಲಿ ಕೂತ ಆಳಿನವಳ ಕಾರ್ಡನ್ನು ನೋಡಿದ ನೋಟಕ್ಕೆ ಆ ಕಾರ್ಡು ಸುಟ್ಟು ಹೋಗಬೇಕಿತ್ತು. "ಎಷ್ಟು ವರ್ಷ ಕಟ್ಟಿದೆ ನಾನು! ಇವಳ ಅದೃಷ್ಟ ನೋಡು" ಎಂದರು.

ಆಳಿನವಳು ಕಾರ್ಡನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ಅಷ್ಟು ಆಸೆ ಆದ್ರೆ ತಗೊಳ್ಳಿ ಅಮ್ಮ. ಇದರ ಜೊತೆ ನಮ್ಮ ಒಂದೇ ಕೋಣೆಯ ಲೈನ್ ಮನೆನೂ ಬರುತ್ತೆ, ನನ್ನ ಗಂಡನೂ ಬರ್ತಾನೆ."

ಸಾಹುಕಾರಮ್ಮ ನಿಜವಾಗಿಯೂ ಒಂದು ಕ್ಷಣ ಯೋಚಿಸಿದರು. ಆಮೇಲೆ, "ಬೇಡ, ಒಬ್ಬನೇ ಸಾಕಾಗಿದೆ" ಎಂದು ಪರ್ಸ್ ಬಿಚ್ಚಿದರು.

೪. ಯಾರು ನೋಡುತ್ತಾರೆ?

ಮಿಲಿಟರಿಯಿಂದ ನಿವೃತ್ತರಾದವರೊಬ್ಬರು ಹೆಂಡತಿಯನ್ನು ಕರೆತಂದು ನನ್ನ ಬಾಗಿಲಲ್ಲೇ ಕಾವಲು ನಿಂತರು. ಮೀಸೆ ನೋಡಿದರೆ ಸೆಲ್ಯೂಟ್ ಹೊಡೆಯಬೇಕು ಅನ್ನಿಸುತ್ತಿತ್ತು.

"ಒಳಗೆ ಯಾರಿರ್ತಾರೆ?"

"ನಾನೊಬ್ಬಳೇ ಅಂಕಲ್."

"ಫೋಟೋ ಯಾರು ನೋಡ್ತಾರೆ?"

"ಮೈಸೂರಿನಲ್ಲಿ ಒಬ್ಬ ಡಾಕ್ಟರು ಕಂಪ್ಯೂಟರಿನಲ್ಲಿ ನೋಡ್ತಾರೆ."

"ಗಂಡಸಾ?"

ಹೌದು ಎಂದೆ. ವಯಸ್ಸೆಷ್ಟು, ಮದುವೆ ಆಗಿದೆಯಾ, ನೋಡಿದ ಮೇಲೆ ಫೋಟೋ ಏನು ಮಾಡುತ್ತಾರೆ ಎಂದೆಲ್ಲ ವಿಚಾರಣೆ ಆಯಿತು. ಒಳಗಿಂದ ಆಂಟಿ ಕೂಗಿದರು, "ಅವರಿಗೇ ಮೊದಲು ತೋರಿಸಮ್ಮ. ಇಲ್ಲದಿದ್ರೆ ರಿಪೋರ್ಟ್ ಬರೋವರೆಗೆ ಊಟ ಮಾಡಲ್ಲ."

ತೆಗೆದಾದ ಮೇಲೆ ಅವರನ್ನು ಕರೆದು ಪರದೆ ತೋರಿಸಿದೆ. ಕಪ್ಪಿನ ನಡುವೆ ಬಿಳಿ ಬಿಳಿ ಮೋಡ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಹಿಂದೆ ಸರಿದು ನೋಡಿದರು.

"ಇಷ್ಟೇನಾ?"

"ಇಷ್ಟೇ ಅಂಕಲ್."

"ಜುಲೈ ತಿಂಗಳ ಮಡಿಕೇರಿ ಇದ್ದ ಹಾಗಿದೆಯಲ್ಲ! ಪಾಪ, ಆ ಡಾಕ್ಟರು. ಎಷ್ಟು ಬೇಕಾದ್ರೂ ನೋಡ್ಲಿ ಬಿಡು."

ಅವತ್ತು ಆಂಟಿ ಮುನಿಸಿಕೊಂಡು ಗಂಡನ ಜೊತೆ ಮಾತಾಡದೆ ಹೋದರು.

೫. ಒರಿಜಿನಲ್

ಇದು ನಮ್ಮ ಬೀದಿಯದ್ದೇ. ನನ್ನ ಮನೆಯ ಎದುರು ಟೈಲರಕ್ಕ, ಅವರ ಪಕ್ಕದ ಮನೆ ಟೀಚರಕ್ಕ. ಇಬ್ಬರಿಗೂ ನಲವತ್ತೈದರ ಆಸುಪಾಸು. ಇವರು ಕಿಟಕಿಗೆ ಹೊಸ ಪರದೆ ಹಾಕಿದರೆ ಅವರು ಬಾಗಿಲಿಗೂ ಹಾಕುತ್ತಾರೆ. ಅವರ ಆಂಥೂರಿಯಂ ಹೂ ಬಿಟ್ಟರೆ ಇವರಿಗೆ ಆ ವಾರ ತಲೆನೋವು. ನಿಯಮ ನಲವತ್ತಕ್ಕೆ ಇಳಿದದ್ದರಿಂದ ಇಬ್ಬರೂ ಒಂದೇ ದಿನ ಬಂದು ಪರೀಕ್ಷೆ ಮಾಡಿಸಿಕೊಂಡರು.

ಟೈಲರಕ್ಕನ ರಿಪೋರ್ಟ್: ತೊಂದರೆ ಇಲ್ಲ. ಟೀಚರಕ್ಕನದು: ಒಂದು ಸಣ್ಣ ನೆರಳಿದೆ, ಇನ್ನೊಮ್ಮೆ ಬನ್ನಿ. ಟೀಚರಕ್ಕ ಅಳುತ್ತ ಮನೆಗೆ ಹೋದರು. ಸಮಾಧಾನ ಮಾಡಲು ಅಕ್ಕಪಕ್ಕದವರು ಬಂದರು, ಸ್ಕೂಲಿನವರು ಹಣ್ಣು ತಂದರು.

ಮರುದಿನ ಬೆಳಿಗ್ಗೆ ಟೈಲರಕ್ಕ ನನ್ನ ಯಂತ್ರದ ಮುಂದೆ ಹಾಜರು. "ಅವಳಿಗೆ ಎರಡು ಸಲ, ನನಗೆ ಒಂದೇ ಸಲ. ಅವಳು ಟೀಚರ್, ನಾನು ಬಟ್ಟೆ ಹೊಲಿಯೋಳು ಅಂತ ತಾನೇ?"

"ಅಕ್ಕ, ನಿಮ್ಮದು ಚೆನ್ನಾಗಿದೆ. ಸಂತೋಷ ಪಡಿ" ಎಂದು ಗದರಿ ಕಳಿಸಿದೆ.

ಅವರು ಮನೆಗೆ ಹೋಗಲಿಲ್ಲ. ನೇರ ಲೇಡಿ ಡಾಕ್ಟರ ಹತ್ತಿರ ಹೋಗಿ, "ಇಲ್ಲೇನೋ ಕೈಗೆ ಸಿಗುತ್ತೆ" ಎಂದು ಎಡಗಡೆ ತೋರಿಸಿ ಸುಳ್ಳು ಹೇಳಿದರು. ಡಾಕ್ಟರು ಕೈಯಿಂದ ಪರೀಕ್ಷಿಸಿದರು. ಎಡಗಡೆ ಏನೂ ಇರಲಿಲ್ಲ. ಪದ್ಧತಿಯಂತೆ ಬಲಗಡೆಯೂ ನೋಡಿದರು. ಕಂಕುಳ ಹತ್ತಿರ ಅವರ ಬೆರಳು ನಿಂತಿತು.

ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆ ಆಯಿತು. ಕ್ಯಾನ್ಸರ್. ಕಡಲೆಕಾಳಿನಷ್ಟು ಚಿಕ್ಕದು. ಟೀಚರಕ್ಕನ ನೆರಳು ಮಾತ್ರ ಏನೂ ಅಲ್ಲ ಎಂದಾಯಿತು.

ನನ್ನ ಯಂತ್ರಕ್ಕೆ ಕಾಣದ್ದು ಆ ಹುಡುಗಿ ಡಾಕ್ಟರ ಬೆರಳಿಗೆ ಸಿಕ್ಕಿತಲ್ಲ ಎಂದು, ಸುಳ್ಳೇಕೆ ಹೇಳಲಿ, ಮೊದಲು ನನ್ನ ಹೊಟ್ಟೆಯೂ ಉರಿಯಿತು. ಗದರಿ ಕಳಿಸಿದ್ದು ನೆನಪಾದಾಗ ಅವರ ಎಕ್ಸ್‌ರೇ ತೆರೆದು ಮತ್ತೊಮ್ಮೆ ನೋಡಿದೆ. ಟೈಲರಕ್ಕ ಡಾಕ್ಟರ ಮುಂದೆ ಕೂತು, "ಸುಳ್ಳು ಹೇಳಿದ್ದಕ್ಕೆ ದೇವರು ಹೀಗೆ ಮಾಡಿದ" ಎಂದು ಅತ್ತರು. ಡಾಕ್ಟರು ಅವರ ಕೈ ಹಿಡಿದು, "ಸುಳ್ಳು ಹೇಳದೇ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ ಅಕ್ಕ" ಎಂದರು.

ಮೈಸೂರಿನಲ್ಲಿ ಆಪರೇಷನ್. ಬಿಪಿಎಲ್ ಕಾರ್ಡು ಇತ್ತು, ಖರ್ಚಿಲ್ಲದೆ ಆಯಿತು. ಕೀಮೋಗೆ ಕೂದಲೆಲ್ಲ ಉದುರಿತು. ಟೀಚರಕ್ಕ ದಿನಾ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮೊದಲು ಗಂಜಿ, ಪಲ್ಯ ಮಾಡಿ ಕೊಟ್ಟು ಹೋಗುತ್ತಿದ್ದರು. ಒಂದು ದಿನ ಪಾತ್ರೆ ಹಿಡಿದು ಹೋಗುತ್ತಲೇ ನನಗೆ ಹೇಳಿದರು, "ನಾನು ಅತ್ತಾಗ ಬಂದೋರು ನಾಲ್ಕು ಜನ. ಇವಳಿಗೆ ನೋಡು, ಇಡೀ ವಿರಾಜಪೇಟೆ!"

ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಟೈಲರಕ್ಕನ ಕೂದಲು ಮತ್ತೆ ಬಂತು. ಮೊದಲು ಕೋಲಿನಂತೆ ನೇರ ಇದ್ದದ್ದು ಈಗ ಗುಂಗುರು ಗುಂಗುರು. ಕೆಲವರಿಗೆ ಹಾಗಾಗುತ್ತದೆ. ನೋಡಿದವರೆಲ್ಲ, "ಎಷ್ಟು ಚೆಂದ, ಹತ್ತು ವರ್ಷ ಚಿಕ್ಕವರಾದ ಹಾಗಿದೆ" ಎನ್ನತೊಡಗಿದರು.

ಟೀಚರಕ್ಕ ಒಂದು ವಾರ ತಡೆದುಕೊಂಡರು. ಆಮೇಲೆ ಆಸ್ಪತ್ರೆಗೇ ಬಂದು ನನ್ನನ್ನು ಮೂಲೆಗೆ ಕರೆದು, "ಆ ಔಷಧಿ ಕೂದಲಿಗೆ ಮಾತ್ರ ಹಚ್ಚೋ ಹಾಗೆ ಎಲ್ಲಾದ್ರೂ ಸಿಗುತ್ತಾ?" ಎಂದು ಕೇಳಿದರು. ನಾನು ಕಣ್ಣು ಬಿಟ್ಟದ್ದು ನೋಡಿ ಹೊರಟು ಹೋದರು. ಶನಿವಾರ ಸ್ಕೂಲು ಬಿಟ್ಟವರೇ ಮಡಿಕೇರಿಯ ಬ್ಯೂಟಿ ಪಾರ್ಲರಿಗೆ ಹೋಗಿ, ಮೂರು ಗಂಟೆ ಕೂತು, ಬಿಸಿ ರಾಡಿನಲ್ಲಿ ತಲೆತುಂಬ ಗುಂಗುರು ಮಾಡಿಸಿಕೊಂಡು ಬಂದರು.

ಬಸ್ಸಿಳಿದು ಬೀದಿಗೆ ಬರುವಷ್ಟರಲ್ಲಿ ಒಂದು ಸಣ್ಣ ಮಳೆ. ಟೀಚರಕ್ಕ ತಲೆ ಮೇಲೆ ವ್ಯಾನಿಟಿ ಬ್ಯಾಗ್ ಹಿಡಿದು ಓಡಿದರು. ಟೈಲರಕ್ಕನ ಗೇಟಿನ ಹತ್ತಿರ ಬರುವಾಗ ಗುಂಗುರೆಲ್ಲ ಇಳಿದು ಕಿವಿಗೆ ಅಂಟಿಕೊಂಡಿತ್ತು.

ಟೈಲರಕ್ಕ ಹೊರಗೆ ಬಂದು, ಟವೆಲ್ ಕೊಟ್ಟು, ಅವರನ್ನು ಮೇಲಿಂದ ಕೆಳಗೆ ನೋಡಿದರು. ಮಳೆಯಲ್ಲೇ ನಿಂತು ತಮ್ಮ ತಲೆಯನ್ನೊಮ್ಮೆ ಕೊಡವಿದರು. ಒಂದು ಸುರುಳಿಯೂ ಬಿಚ್ಚಲಿಲ್ಲ.

"ಬೇಜಾರು ಮಾಡ್ಕೋಬೇಡ ಮಾರಾಯ್ತಿ" ಎಂದರು. "ನಿನ್ನದು ಪಾರ್ಲರಿನದು. ನನ್ನದು ಒರಿಜಿನಲ್."