ಹೆಣದ ಗಾಡಿಯಲ್ಲಿ ಕಾವು

ಆ ವಸಂತದಲ್ಲಿ ಬ್ಯಾಲಿಕಾರದಲ್ಲಿ ಯಾರೂ ಸಾಯಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಊರಿನ ಮುದುಕರೆಲ್ಲ ಹಟ ತೊಟ್ಟವರ ಹಾಗೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರಿಂದ, ಅಂತ್ಯಕ್ರಿಯೆ ನಡೆಸಿಕೊಡುವ ಕಾರ್ಮಕ್ ಗಿಲ್ರಾಯ್‌ನ ಕರಿ ಗಾಡಿ ಕಿಟಕಿ ತೆರೆದುಕೊಂಡು ವಾರಗಟ್ಟಲೆ ಕೊಟ್ಟಿಗೆಯಲ್ಲೇ ನಿಂತಿತ್ತು. ಅವನ ಹೆಂಡತಿ ಅಟ್ರಾಕ್ಟಾಳ ಕೆಂಚು ಹೇಂಟೆ ಅದರೊಳಗೆ ನುಗ್ಗಿ, ಮುಂದಿನ ಸೀಟಿನಲ್ಲಿ ಮಡಚಿಟ್ಟಿದ್ದ ಅವನ ಕರಿಕೋಟಿನ ಮೇಲೆ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ಕೊನೆಗೊಮ್ಮೆ ಡಿನ್ನಿ ಹ್ಯಾನ್ಲಿ ಸತ್ತ. ಅದೂ ಸರಿಯಾಗಿ ಮೊಟ್ಟೆ ಒಡೆಯುವ ಹೊತ್ತಿಗೆ.

ಅಂತ್ಯಕ್ರಿಯೆಯ ಹಿಂದಿನ ಸಂಜೆ ಊರವರೆಲ್ಲ ಕಾರ್ಮಕ್‌ನ ಮನೆಗೆ ಬಂದು, ಅಲ್ಲಿರಿಸಿದ್ದ ಡಿನ್ನಿಯ ಮುಖ ನೋಡಿ ಹೋಗಿದ್ದರು. ಅವರು ತಂದ ಹೂಚಕ್ರಗಳನ್ನು ಗಾಡಿಯ ಗಾಜು ಕಾಣದಷ್ಟು ಒಟ್ಟಿಯಾಗಿತ್ತು. ಬೆಳಗ್ಗೆ ನೋಡಿದರೆ ಉಳಿದ ಮರಿಗಳೆಲ್ಲ ಹೊರಬಂದಿದ್ದವು; ಅವನ್ನು ಅಟ್ರಾಕ್ಟಾ ಒಲೆಯ ಬಳಿಗೆ ಒಯ್ದಿದ್ದಳು. ಕಡೆಯದು ಮಾತ್ರ ಚಿಪ್ಪಿಗೆ ತೂತು ಮಾಡಿ, ಕೊಕ್ಕಿನ ತುದಿ ಹೊರಹಾಕಿ, ಅಲ್ಲೇ ಸಿಕ್ಕಿಕೊಂಡಿತ್ತು. ಒಳಪೊರೆ ಒಣಗಿ ಮರಿಗೆ ಅಂಟಿಕೊಂಡಿತ್ತು.

"ಕೋಳೀನ ಎತ್ತಿ ಬುಟ್ಟೀಲಿ ಕೂರಿಸ್ತೀನಿ," ಎಂದ ಕಾರ್ಮಕ್.

"ಬುಟ್ಟೀಗೆ ಹಾಕಿದ್ರೆ ಕಾವು ಬಿಟ್ಟು ಎದ್ದು ಹೋಗುತ್ತೆ, ಮರಿ ಒಳಗೇ ಸಾಯುತ್ತೆ. ಆಮೇಲೆ ನಿನಗೆ ಅಡುಗೆ ಮಾಡಿ ಹಾಕೋಳು ಯಾರು ಅಂತ ಯೋಚನೆ ಮಾಡ್ಕೋ," ಎಂದಳು ಅಟ್ರಾಕ್ಟಾ.

ಮೊಟ್ಟೆಗೆ ಬಿಸಿನೀರು ಚಿಮುಕಿಸುವುದರಲ್ಲೇ ಬೆಳಗು ಕಳೆಯಿತು. ಚರ್ಚಿನ ಗಂಟೆ ಕೇಳಿದಾಗ ಕಾರ್ಮಕ್ ಬೆಚ್ಚಿಬಿದ್ದ. ಕರಿಕೋಟು ಕೋಳಿಯ ಕೆಳಗಿದ್ದುದರಿಂದ ತನ್ನ ಮದುವೆಯ ಕೋಟಿನೊಳಗೆ ಮೈ ತುರುಕಿಕೊಂಡ. ನಡುವೆ ಹಗ್ಗ ಬಿಗಿದ ದಿಂಬಿನ ಹಾಗೆ ಕಾಣುತ್ತ, ಬಾಗಿಲು ಹಾಕಿಕೊಂಡು ಗಾಡಿ ಹೊರಡಿಸಿದ.

ಹ್ಯಾನ್ಲಿ ಮನೆಯ ಗೇಟಿನಲ್ಲಿ, ಗಾಡಿಯ ಹಿಂದೆ ಚರ್ಚಿಗೆ ಹೊರಡಲು ನೆಂಟರ ಕಾರುಗಳು ಸಾಲುಗಟ್ಟಿದ್ದವು. ಡಿನ್ನಿಯ ಹೆಂಡತಿ ಡೀಲಿಯಾಗೂ ಮಗಳಿಗೂ ಸ್ಯಾಂಡ್‌ವಿಚ್ ವಿಷಯದಲ್ಲಿ ಜಗಳವಾಗಿತ್ತು. ಮಗಳ ಕಾರು ಹತ್ತಲು ಒಲ್ಲದ ಮುದುಕಿ ನೇರ ಬಂದು ಗಾಡಿಯ ಮುಂದಿನ ಬಾಗಿಲು ತೆಗೆದಳು.

"ಇದೇನಯ್ಯ?"

"ತಪ್ಪಾಯ್ತಮ್ಮ, ಅದು... ಕೋಳಿ."

"ಕೋಳಿ ಅಂತ ನಂಗೂ ಕಾಣುತ್ತೆ. ಮೊಟ್ಟೆ ಯಾವ ತುದೀಲಿ ಒಡೆದಿದೆ?"

"ಚೂಪು ತುದೀಲಿ. ಮರಿ ಉಲ್ಟಾ ತಿರುಗಿಬಿಟ್ಟಿದೆ."

"ಅಯ್ಯೋ, ಪಾಪ!" ಗಂಡ ಸತ್ತ ಮೇಲೆ ಅವಳ ಬಾಯಿಂದ ಬಂದ ಮೊದಲ ಮರುಕದ ಮಾತು ಅದು. ಕೋಟಿನ ಸಮೇತ ಕೋಳಿಯನ್ನು ಮಡಿಲಿಗೆಳೆದುಕೊಂಡು ಕೂತಳು. ಕೋಳಿ ಗೊಣಗಿತು, ಏಳಲಿಲ್ಲ.

ಅರ್ಧ ದಾರಿಯಲ್ಲಿ ಡೀಲಿಯಾ ಕಿರುಚಿದಳು, "ನಿಲ್ಸು! ಮರಿ ಸದ್ದು ನಿಂತುಹೋಯ್ತು!"

ಗಾಡಿ ನಿಂತಿತು, ಹಿಂದಿನ ಕಾರುಗಳೂ ನಿಂತವು. ಸುದ್ದಿ ಗೊತ್ತಾಗಿದ್ದೇ ತಡ, ಜನ ಜೇನಿನ ಹಾಗೆ ಮುಂದಿನ ಬಾಗಿಲಿಗೆ ಮುತ್ತಿದರು.

"ಚಿಪ್ಪು ಕಿತ್ತುಹಾಕಿ!"

"ಕೈ ಹಚ್ಚಬೇಡಿ, ಸತ್ತುಹೋಗುತ್ತೆ!"

ಡಿನ್ನಿಯ ತಮ್ಮ ಪ್ಯಾಕಿ ಜೇಬಿನಿಂದ ವಿಸ್ಕಿ ಬಾಟಲಿ ತೆಗೆದ. "ಒಂದು ತೊಟ್ಟು ಹಾಕಿ ಅತ್ತಿಗೆ. ಇದರ ವಾಸನೆ ಬಿದ್ರೆ ಅಣ್ಣ ಈಗ್ಲೂ ಎದ್ದು ಕೂರ್ತಾನೆ."

"ಅದಕ್ಕೇ ದೂರ ಇಡು," ಎಂದಳು ಡೀಲಿಯಾ.

ಯಾರದೋ ಫ್ಲಾಸ್ಕಿನಿಂದ ಬಿಸಿನೀರು ಬಂತು. ಕಾರ್ಮಕ್ ಅದನ್ನು ಉಗುರುಬೆಚ್ಚಗೆ ಆರಿಸಿ, ಕರ್ಚೀಫಿನ ತುದಿಯಿಂದ ಪೊರೆ ನೆನೆಸಿದ. ಡೀಲಿಯಾ ಹೇರ್‌ಪಿನ್ನಿನಿಂದ ಚಿಪ್ಪಿನ ಚೂರೊಂದನ್ನು ಎಬ್ಬಿಸಿದಳು. ಕೂದಲೆಳೆಯಷ್ಟು ರಕ್ತ ಕಂಡಿತು.

"ಸಾಕು, ಸಾಕು! ನರ ಇನ್ನೂ ಒಣಗಿಲ್ಲ. ಕಾಯ್ಬೇಕು," ಎಂದ ಕಾರ್ಮಕ್.

ಎಲ್ಲರೂ ಉಸಿರು ಬಿಗಿಹಿಡಿದು, ತಲೆ ತಗ್ಗಿಸಿ ನಿಂತರು. ಎದುರಿನಿಂದ ಬಂದ ಹಾಲಿನ ಲಾರಿಯವನು ಇಷ್ಟು ದುಃಖ ಎಲ್ಲೂ ಕಂಡಿರಲಿಲ್ಲ. ಇಳಿದು ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ.

ಕಾದು ಕಾದು ಸಾಕಾದ ಫಾದರ್ ಲಾವೆಲ್ ನಿಲುವಂಗಿ ಎತ್ತಿಕೊಂಡು ಚರ್ಚಿನಿಂದ ಓಡಿಬಂದರು. "ಏನ್ರಯ್ಯ ಇದು? ಸತ್ತವರಿಗೆ ಒಂದು ಮರ್ಯಾದೆ ಬೇಡ್ವಾ?" ಎಂದವರೇ ಒಳಗೆ ಬಗ್ಗಿ ನೋಡಿ ದನಿ ತಗ್ಗಿಸಿದರು. "ಉಸಿರಿದೆಯಾ?"

ಗಾಳಿ ತಾಗದಿರಲೆಂದು ಅವರೇ ಪ್ರಾರ್ಥನೆ ಪುಸ್ತಕ ಬಿಡಿಸಿ ಅಡ್ಡ ಹಿಡಿದರು. ಪೊರೆ ಮತ್ತೆ ನೆನೆಯಿತು, ಇನ್ನೊಂದು ಚೂರು ಎದ್ದಿತು. ಕಡೆಗೆ ಮರಿ ಒಮ್ಮೆ ಕಾಲು ಝಾಡಿಸಿ, ನೆಂದ ಬತ್ತಿಯ ಹಾಗೆ ಕೋಟಿನ ಮೇಲೆ ಜಾರಿಬಿತ್ತು. ಕಿಯ್ಯೆಂದಿತು. ಜನ ಚಪ್ಪಾಳೆ ತಟ್ಟಿದರು. ತಾಯಿ ಮಗಳು ತಬ್ಬಿಕೊಂಡು ಅತ್ತರು. ಕಾರ್ಮಕ್‌ನ ಬೆನ್ನು ತಟ್ಟದವರಿಲ್ಲ; ಮದುವೆಯ ಕೋಟಿನ ಹೊಲಿಗೆ ಬಿಟ್ಟಿತು.

ಚರ್ಚಿನ ಮುಂದೆ ಹೆಗಲು ಕೊಡುವವರು ಸಾಲಾಗಿ ನಿಂತರು. ಕಾರ್ಮಕ್ ಜಂಬದಿಂದ ಹಿಂಬಾಗಿಲು ತೆಗೆದು ಹೂಚಕ್ರಗಳನ್ನು ಒಂದೊಂದಾಗಿ ಇಳಿಸಿದ. ಕಡೆಯ ಹೂಚಕ್ರ ಇಳಿಸಿದ ಮೇಲೆ ಉಳಿದದ್ದು ಶವಪೆಟ್ಟಿಗೆ ಇಡುವ ಬರಿಯ ಹಲಗೆ, ಚೆನ್ನಾಗಿ ಪಾಲಿಶ್ ಮಾಡಿದ್ದು.

ಫಾದರ್ ತಮ್ಮ ಫೋನಿನಿಂದ ಕಾರ್ಮಕ್‌ನ ಮನೆಗೆ ಕರೆ ಮಾಡಿದರು. ಅಟ್ರಾಕ್ಟಾಳ ದನಿ ಸುತ್ತಲಿದ್ದವರಿಗೆಲ್ಲ ಕೇಳಿಸಿತು.

"ಡಿನ್ನಿನಾ? ಇಲ್ಲೇ ನಮ್ಮ ಮುಂದಿನ ಕೋಣೇಲಿ ಇದಾನೆ ಫಾದರ್, ಬೆಳಗ್ಗೆಯಿಂದ ಹಾಗೇ ಮಲಗಿದಾನೆ. ಅದಿರಲಿ, ಮರಿ ಬಂತಾ?"

ಕಾರ್ಮಕ್ ಒಂದೇ ನೆಗೆತಕ್ಕೆ ಗಾಡಿ ಹತ್ತಿ, ಬಂದ ದಾರಿಗೆ ತಿರುಗಿಸಿ, ಆಕ್ಸಿಲರೇಟರನ್ನು ಕಾಲಿಗೆ ಸಿಕ್ಕಷ್ಟು ಒತ್ತಿದ. ಪಕ್ಕದ ಸೀಟಿನಿಂದ ಇಳಿಯದೇ ಕೂತಿದ್ದ ಡೀಲಿಯಾ ಅವನ ತೋಳಿಗೆ ಪಟ್ಟನೆ ಹೊಡೆದಳು.

"ನಿಧಾನಕ್ಕೆ ಓಡ್ಸಯ್ಯ! ಅವನೆಲ್ಲಿ ಓಡಿಹೋಗ್ತಾನೆ? ಮರಿಗೆ ಈಗಷ್ಟೇ ನಿದ್ದೆ ಹತ್ತಿದೆ."