ಸೆಲ್ವಂಗೆ ನಾನು ಕೊಟ್ಟ ಗ್ಯಾರಂಟಿ

ಮನುಷ್ಯ ಊರು ಬಿಡಬಹುದು, ದೇಶ ಬಿಡಬಹುದು, ಸಕ್ಕರೆ ಕಾಯಿಲೆ ಬಂದರೆ ಅನ್ನವನ್ನೂ ಬಿಡಬಹುದು; ತಲೆಗೆ ಹೊಂದಿಕೊಂಡ ಕ್ಷೌರಿಕನನ್ನು ಮಾತ್ರ ಬಿಡಲಾರ. ಕೂದಲು ದಟ್ಟವಾಗಿರುವವರಿಗೆ ಈ ಮಾತು ಅರ್ಥವಾಗುವುದಿಲ್ಲ. ಅವರ ತಲೆಯಲ್ಲಿ ಯಾರು ಕತ್ತರಿಯಾಡಿಸಿದರೂ ಹದಿನೈದು ದಿನದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನನ್ನಂತೆ ನಡುವೆ ಬಯಲು, ಸುತ್ತ ಕುರುಚಲು ಉಳಿದವರಿಗೆ ಯಾವ ಕೂದಲನ್ನು ಎಲ್ಲಿಗೆ ವರ್ಗ ಮಾಡಬೇಕೆಂದು ಬಲ್ಲ ಒಬ್ಬ ಸಮರ್ಥ ಆಡಳಿತಗಾರ ಬೇಕು. ಉಡುಪಿ ಕಡೆಯಿಂದ ಮಲೇಷ್ಯಾದ ನಿಲಾಯ್‌ಗೆ ಬಂದು, ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾ ಕೂದಲು ಕಳೆದುಕೊಂಡ ನನಗೆ ಅಂಥವನೊಬ್ಬ ಸಿಕ್ಕಿದ್ದ. ಹೆಸರು ಸೆಲ್ವಂ. ಹನ್ನೊಂದು ವರ್ಷ ಅವನ ಕುರ್ಚಿಯಲ್ಲಿ ಕೂತು, ನನ್ನ ಮುರುಕಲು ತಮಿಳಿನಲ್ಲಿ ಲೋಕದ ಸುದ್ದಿಯೆಲ್ಲ ಒದರಿದ್ದೇನೆ. ಅವನು ಎಲ್ಲದಕ್ಕೂ ಹೌದೆಂದು ‘ಆಮಾ ಸಾರ್’ ಎನ್ನುತ್ತಾ ಕತ್ತರಿಸುತ್ತಿದ್ದ.

ಈ ಸೆಲ್ವಂ ಜೈಲಿಗೆ ಹೋದ. ದಿನವಿಡೀ ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಯಾರ ಕಿವಿಗೂ ಗೀರು ಮಾಡದವನು, ಒಂದು ಭಾನುವಾರ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಾ ಮಾತಿಗೆ ಮಾತು ಬೆಳೆದು, ಪಕ್ಕದವನ ಮೇಲೆ ಪ್ಲಾಸ್ಟಿಕ್ ಸ್ಟೂಲು ಬೀಸಿದನಂತೆ. ಸ್ಟೂಲು ಮುರಿಯಲಿಲ್ಲ, ಪಕ್ಕದವನ ಕೈ ಮುರಿಯಿತು. ಮೂರು ವರ್ಷ ಶಿಕ್ಷೆ. ನನಗೆ ಬೇಸರವಾಯಿತು ಎಂದು ಹೇಳಿಕೊಳ್ಳಬಲ್ಲೆ. ಆದರೆ ನಿಜ ಹೇಳಿಬಿಡುತ್ತೇನೆ: ಮೊದಲು ನೆನಪಾದದ್ದು ನನ್ನ ತಲೆ. ಆಮೇಲೆ ಮಾಲ್‌ನಲ್ಲಿ, ರೈಲು ನಿಲ್ದಾಣದ ಬಳಿ, ಒಮ್ಮೆ ದೇಶದ ರಾಜಧಾನಿಯಲ್ಲಿ ಭಾರತೀಯರು ಹೆಚ್ಚಿರುವ ಬ್ರಿಕ್‌ಫೀಲ್ಡ್ಸ್‌ವರೆಗೂ ಹೋಗಿ ತಲೆ ಒಪ್ಪಿಸಿ ನೋಡಿದೆ. ಪ್ರತಿ ಸಲವೂ ನನ್ನ ಹೆಂಡತಿ ಸುಮತಿ ಬಾಗಿಲು ತೆರೆದು, ನನ್ನ ತಲೆ ನೋಡಿ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ವರ್ಷ ಕಳೆದ ಮೇಲೆ ಸೆಲ್ವಂನ ಹೆಂಡತಿ ಫೋನು ಮಾಡಿದಳು. ನನ್ನ ಫೋನಿನಲ್ಲಿ ಆಕೆಯ ಹೆಸರು ‘ಬಾರ್ಬರ್ ವೈಫ್’ ಎಂದಿತ್ತು. ಈ ವಿವರ ಮುಂದೆ ಬೇಕಾಗುತ್ತದೆ. ಸೆಲ್ವಂ ಪೆರೋಲಿಗೆ ಅರ್ಜಿ ಹಾಕಿದ್ದಾನೆ, ಅವನ ಬಗ್ಗೆ ನಾಲ್ಕು ಮಾತು ಹೇಳಬಲ್ಲವರ ಹೆಸರು ಕೇಳಿದ್ದಾರೆ, ಅವನು ನಿಮ್ಮ ಹೆಸರು ಕೊಟ್ಟಿದ್ದಾನೆ ಎಂದಳು. ಪೆರೋಲು ಸಿಗದಿದ್ದರೆ ಅಂಗಡಿ ಉಳಿಯುವುದಿಲ್ಲ, ಕಟ್ಟಡದವರು ಬಬಲ್ ಟೀ ಮಾರುವವರಿಗೆ ಮಾತು ಕೊಡಲು ಕಾದಿದ್ದಾರೆ ಎಂದೂ ಹೇಳಿದಳು. ನಾನು ಆ ಕ್ಷಣದಲ್ಲೇ ಸೊಂಟ ಕಟ್ಟಿ ನಿಂತೆ. ನನ್ನ ಸ್ವಭಾವವೇ ಹಾಗೆ. ವಿಷಯ ಗೊತ್ತಿಲ್ಲದಷ್ಟೂ ನನ್ನ ನಿರ್ಧಾರ ಗಟ್ಟಿಯಾಗಿರುತ್ತದೆ.

ನಮ್ಮ ದೇಶದಲ್ಲಿ ಜೈಲು ರಾಜ್ಯ ಸರ್ಕಾರದ್ದು. ಇಲ್ಲಿಯೂ ಹಾಗೇ ಇರಬೇಕೆಂದು ರಜೆ ಹಾಕಿ ನಿಲಾಯ್ ಇರುವ ರಾಜ್ಯದ ರಾಜಧಾನಿ ಸೆರೆಂಬಾನ್‌ಗೆ ಹೋಗಿ, ಒಂದು ಸರ್ಕಾರಿ ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಕೊನೆಗೆ ಒಬ್ಬ ಗುಮಾಸ್ತರು ಕನಿಕರಪಟ್ಟು ಕೂರಿಸಿ ಬುದ್ಧಿ ಹೇಳಿದರು: ಇಲ್ಲಿ ಜೈಲುಗಳೆಲ್ಲ ಕೇಂದ್ರದ್ದು, ಪೆರೋಲು ಮಂಡಳಿಯೂ ಕೇಂದ್ರದ್ದೇ, ಈ ರಾಜ್ಯಕ್ಕೆ ಇನ್ನೂ ದೊರೆ ಇದ್ದಾರೆ, ಅವರ ಹತ್ತಿರ ಹೋಗುವುದು ಕ್ಷಮಾದಾನದ ಅರ್ಜಿ, ಅದೇ ಬೇರೆ ದಾರಿ. ‘ಮನೆಗೆ ಹೋಗಿ ಡಾಕ್ಟರ್, ಪೆರೋಲು ಆಫೀಸರು ನಿಮ್ಮನ್ನೇ ಹುಡುಕಿಕೊಂಡು ಬರ್ತಾರೆ’ ಎಂದರು. ಪೆರೋಲು ಅಂದರೆ ಏನು ಎಂದು ನಾನು ಕೇಳಲಿಲ್ಲ. ಯಾಕೆ ಕೇಳಬೇಕು? ಅದು ನನಗೆ ಚಿಕ್ಕಂದಿನಿಂದ ಗೊತ್ತು.

ನಮ್ಮೂರಿನಲ್ಲಿ ದೇಜಪ್ಪಣ್ಣ ಎಂಬವರಿದ್ದರು. ಗಡಿ ತಕರಾರಿನಲ್ಲಿ ಯಾರದೋ ತಲೆ ಒಡೆದು ಜೈಲು ಸೇರಿದವರು ತಂಗಿಯ ಮದುವೆಗೆ ಪೆರೋಲಿನ ಮೇಲೆ ಬಂದಿದ್ದರು. ನಮ್ಮ ಪಂಕ್ತಿಗೆ ಪಾಯಸ ಬಡಿಸಿದ್ದು ಅವರೇ. ಹದಿನೈದು ದಿನದ ರಜೆಯಲ್ಲಿ ನೆಂಟರ ಜಗಳ ನೋಡಿ ಸಾಕಾಗಿ, ಎರಡು ದಿನ ಮೊದಲೇ ಜೈಲಿಗೆ ವಾಪಸಾದರು. ಊರವರು ಬಸ್ಸಿನವರೆಗೆ ಹೋಗಿ ಕಳುಹಿಸಿಕೊಟ್ಟರು. ‘ಹೇಳಿದ ದಿನಕ್ಕೂ ಮೊದಲೇ ಒಳಗೆ ಹೋದ, ಮಾತಿನ ಮನುಷ್ಯ’ ಎಂದು ನನ್ನ ಅಜ್ಜ ವರ್ಷಗಟ್ಟಲೆ ಹೊಗಳುತ್ತಿದ್ದರು. ಪೆರೋಲಿನವನಿಗೆ ಇರಬೇಕಾದ ದೊಡ್ಡ ಗುಣ ವಾಪಸ್ ಹೋಗುವುದು ಎಂದು ನಾನು ಕಲಿತದ್ದು ಹೀಗೆ.

ಆಫೀಸರು ಶನಿವಾರ ಬೆಳಿಗ್ಗೆ ಬಂದರು. ಪುವಾನ್ ರೊಹಾನಾ, ಅಂದರೆ ಶ್ರೀಮತಿ ರೊಹಾನಾ, ಸುಮಾರು ನಲವತ್ತರ ಮಲಯ್ ಹೆಂಗಸು, ಮಿತಭಾಷಿ. ಸುಮತಿ ತಂದಿಟ್ಟ ಕಾಫಿ, ಚಕ್ಕುಲಿಯನ್ನು ಕೈಮುಗಿದಂತೆ ಮಾಡಿ ಪಕ್ಕಕ್ಕೆ ಸರಿಸಿ ಪುಸ್ತಕ ತೆರೆದರು. ಎಷ್ಟು ವರ್ಷದಿಂದ ಪರಿಚಯ ಎಂದಾಗ ಹನ್ನೊಂದು ಎಂದು ಎದೆಯುಬ್ಬಿಸಿ ಹೇಳಿದೆ. ಹೆಂಡತಿಯ ಹೆಸರು? ಫೋನು ನೋಡಿದೆ, ಬಾರ್ಬರ್ ವೈಫ್. ಮಕ್ಕಳೆಷ್ಟು? ಎರಡಿರಬಹುದು ಎಂದೆ. ಕುಡಿಯುತ್ತಾನಾ, ಸಿಟ್ಟಿನವನಾ, ಯಾರ ಜೊತೆ ಓಡಾಡುತ್ತಾನೆ? ಹನ್ನೊಂದು ವರ್ಷದ ಪರಿಚಯದಲ್ಲಿ ನನಗೆ ಗೊತ್ತಿದ್ದದ್ದು ಅವನ ಕೈಬೆರಳುಗಳು ತಣ್ಣಗಿರುತ್ತವೆ ಎಂಬುದೊಂದೇ. ಅವರು ಬರೆಯುವುದನ್ನು ನಿಲ್ಲಿಸಿ, ಹೊರಗೆ ಬಂದ ಮೇಲೆ ಅವನ ಬಗ್ಗೆ ನಿಮಗೆ ಏನಾದರೂ ಆತಂಕ ಇದೆಯೇ ಎಂದು ಕೇಳಿದರು. ಕಳೆದ ಮರ್ಯಾದೆಯನ್ನು ಒಂದೇ ಏಟಿಗೆ ವಸೂಲು ಮಾಡುವ ಅವಕಾಶ ಬಂತು ಎಂದುಕೊಂಡು ಕುರ್ಚಿಯ ತುದಿಗೆ ಸರಿದೆ.

‘ಪುವಾನ್, ಆತಂಕವೇ ಬೇಡ. ಹದಿನೈದು ದಿನ, ಹೆಚ್ಚೆಂದರೆ. ಅಷ್ಟರೊಳಗೆ ಅವನು ಖಂಡಿತ ಜೈಲಿಗೆ ವಾಪಸ್ ಹೋಗುತ್ತಾನೆ. ಗ್ಯಾರಂಟಿ. ಬೇಕಿದ್ದರೆ ನಾನೇ ನನ್ನ ಕಾರಿನಲ್ಲಿ ಬಿಟ್ಟು ಬರುತ್ತೇನೆ.’

ಅವರು ಅದನ್ನೂ ಅಕ್ಷರ ಬಿಡದೆ ಬರೆದುಕೊಂಡು ಹೊರಟರು. ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಅನಘಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ಹದಿನಾಲ್ಕು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಹುಡುಕಿ ಓದಿ ಹೇಳಿದಳು: ಇಲ್ಲಿ ಪೆರೋಲು ಅಂದರೆ ರಜೆಯಲ್ಲ. ಅರ್ಧ ಶಿಕ್ಷೆ ಮುಗಿಸಿದವನನ್ನು, ಮಂಡಳಿ ಒಪ್ಪಿದರೆ, ಹೊರಗೆ ಬಿಡುತ್ತಾರೆ. ಉಳಿದ ಶಿಕ್ಷೆಯನ್ನು ಆಫೀಸರ ಕಣ್ಗಾವಲಿನಲ್ಲಿ ಮನೆಯಲ್ಲೇ ಕಳೆಯಬೇಕು. ಮತ್ತೆ ತಪ್ಪು ಮಾಡಿದವನನ್ನು ಮಾತ್ರ ವಾಪಸ್ ಒಳಗೆ ಹಾಕುತ್ತಾರೆ. ಅಂದರೆ, ಸೆಲ್ವಂನನ್ನು ಬಿಟ್ಟರೆ ಹದಿನೈದು ದಿನದಲ್ಲಿ ಇನ್ನೊಬ್ಬರ ಕೈ ಮುರಿಯುತ್ತಾನೆ ಎಂದು ನಾನು ಸರ್ಕಾರಕ್ಕೆ ಬರೆಸಿಕೊಟ್ಟಿದ್ದೆ.

‘ಎಂತ ಮಾಡಿದ್ದು ಮಾರಾಯ್ರೆ’ ಎಂದಳು ಸುಮತಿ. ‘ಆ ಮನುಷ್ಯನಿಗೆ ಬೇರೆ ಶತ್ರು ಯಾಕೆ, ನೀವೊಬ್ರೇ ಸಾಕಲ್ಲ.’

ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ. ಒಬ್ಬ ಮನುಷ್ಯನ ಒಂದೂವರೆ ವರ್ಷ ನನ್ನ ನಾಲಗೆಯ ತುದಿಯಲ್ಲಿ ಹೋಗಿಬಿಡುವುದರಲ್ಲಿತ್ತು. ಸರಿಪಡಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದು, ಮರುದಿನವೇ ಸೆಲ್ವಂನ ಮನೆಗೆ ಹೋದೆ. ಹೆಂಡತಿಯ ಹೆಸರು ಪುಷ್ಪಾ. ಮಗು ಒಂದೇ, ದರ್ಶಿನಿ, ಎಂಟು ವರ್ಷ. ಅಪ್ಪ ಸಿಂಗಾಪುರದಲ್ಲಿ ಕೆಲಸಕ್ಕಿದ್ದಾರೆ ಎಂದು ಶಾಲೆಯಲ್ಲಿ ಹೇಳಿಕೊಂಡಿದ್ದಾಳೆ. ನಾನು ಮಾಡಿದ ಅನಾಹುತವನ್ನು ಹೇಳಿದೆ. ಪುಷ್ಪಾ ಬೈಯಲಿಲ್ಲ. ಸೆಲ್ವಂ ಜೈಲಿನಿಂದ ಬರೆದ ಕಾಗದವೊಂದನ್ನು ತಂದು ಓದಿದಳು. ಮನೆಯ ವಿಚಾರವೆಲ್ಲ ಆದ ಮೇಲೆ ಕೊನೆಗೆ ಎರಡು ಸಾಲು: ಡಾಕ್ಟರ್ ಸಾರ್ ಕಂಡರೆ ಅವರ ಕೊಲೆಸ್ಟ್ರಾಲ್ ಇಳಿಯಿತಾ ಕೇಳು, ಅವರ ಮಗಳಿಗೆ ಲೆಕ್ಕದಲ್ಲಿ ಪಾಸಾಯಿತಾ ಕೇಳು. ನನಗೆ ಕಣ್ಣು ತುಂಬಿ ಬಂತು. ಪ್ರತಿ ತಿಂಗಳ ಮೊದಲ ಸೋಮವಾರ ಅವನು ವೃದ್ಧಾಶ್ರಮಕ್ಕೆ ಹೋಗಿ ಮುದುಕರಿಗೆ ಪುಕ್ಕಟೆ ಕ್ಷೌರ ಮಾಡುತ್ತಿದ್ದನಂತೆ. ಸೋಮವಾರ ಬಾಗಿಲು ಹಾಕಿದ್ದಕ್ಕೆ ಸೋಮಾರಿ ಎಂದು ನಾನು ಅವನನ್ನು ಗದರಿಸಿದ್ದೆ. ಆಗಲೂ ಅವನು ‘ಆಮಾ ಸಾರ್’ ಎಂದಿದ್ದ.

ಮನೆಗೆ ಬಂದು ನಾಲ್ಕು ಪುಟದ ಪತ್ರ ಬರೆದೆ. ಅನಘಾ ಓದಿ, ಮೊದಲ ಮೂರು ಪುಟ ನಿನ್ನ ಬಗ್ಗೆಯೇ ಇದೆಯಲ್ಲ ಅಪ್ಪ ಎಂದು ಅಷ್ಟನ್ನೂ ಹೊಡೆದುಹಾಕಿದಳು. ಉಳಿದ ಒಂದು ಪುಟ ಹಿಡಿದು ಪುವಾನ್ ರೊಹಾನಾರ ಕಚೇರಿಗೆ ಹೋದೆ. ಮೊದಲ ದಿನ ಅವರಿರಲಿಲ್ಲ. ಎರಡನೆಯ ದಿನ ಮೀಟಿಂಗು. ಮೂರನೆಯ ದಿನ ಬೆಂಚಿನ ಮೇಲೆ ಊಟದ ಡಬ್ಬಿ ಸಮೇತ ಕೂತೆ. ದೇಜಪ್ಪಣ್ಣನ ಕಥೆ, ಪಾಯಸ, ಬಸ್ಸು ಎಲ್ಲವನ್ನೂ ವಿವರಿಸಿ ಪತ್ರ ಕೊಟ್ಟೆ. ಪೂರ್ತಿ ಕೇಳಿ ಅವರು ಮೊದಲ ಬಾರಿಗೆ ನಕ್ಕರು, ಮಾತಿನ ಕೊನೆಗೆ ಇಲ್ಲಿಯವರ ‘ಲಾ’ ಕೂಡ ಬಂತು.

‘ಡಾಕ್ಟರ್, ಎಲ್ಲರೂ ಅವನು ವಾಪಸ್ ಹೋಗೋದೇ ಇಲ್ಲ ಅಂತ ಹೇಳ್ತಾರೆ. ಕಾರು ಸಮೇತ ರೆಡಿ ಇದ್ದವರು ನೀವೊಬ್ಬರೇ ಲಾ.’

ಆದರೆ ತೀರ್ಮಾನ ತಮ್ಮದಲ್ಲ, ತಮ್ಮದು ಕಡತ ಜೋಡಿಸುವ ಕೆಲಸ ಎಂದು ಸ್ಪಷ್ಟವಾಗಿ ಹೇಳಿದರು. ಒಳಗೆ ಅವನ ನಡತೆ, ಮನೆಯ ಸ್ಥಿತಿ, ಹೊರಗೆ ಕೆಲಸ ಇದೆಯೇ, ಕೈ ಮುರಿಸಿಕೊಂಡವನು ಏನೆನ್ನುತ್ತಾನೆ, ಎಲ್ಲವನ್ನೂ ಮಂಡಳಿ ನೋಡುತ್ತದೆ. ಕಾಯಿರಿ ಎಂದರು. ಕಾದೆ. ಸೆಲ್ವಂ ಬರುವವರೆಗೆ ಬೇರೆ ಯಾರಿಗೂ ತಲೆ ಕೊಡುವುದಿಲ್ಲ ಎಂದು ಶಪಥವನ್ನೂ ಮಾಡಿದೆ. ತಿಂಗಳುಗಳು ಕಳೆದಂತೆ ಸುತ್ತಲಿನ ಕುರುಚಲು ಕಾಲರಿನ ಮೇಲೆ ಇಳಿಯಿತು. ವಿದ್ಯಾರ್ಥಿಗಳು ನನಗೆ ವೈರಾಗ್ಯ ಬಂದಿದೆ ಎಂದು ಮಾತಾಡಿಕೊಂಡರು. ಸುಮತಿ ನನ್ನ ಜೊತೆ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ನಾನು ಜಗ್ಗಲಿಲ್ಲ.

ಪೆರೋಲು ಸಿಕ್ಕಿತು. ಪುಷ್ಪಾ ಫೋನಿನಲ್ಲಿ ಅತ್ತಳು, ನಾನೂ ಅತ್ತೆ. ಷರತ್ತುಗಳು ಸಾಕಷ್ಟಿದ್ದವು: ಹೇಳಿದ ಹೊತ್ತಿಗೆ ಮನೆ ಸೇರಬೇಕು, ಕೇಳದೆ ಊರು ಬಿಡಬಾರದು, ಕುಡಿಯಬಾರದು, ಆಫೀಸರು ಯಾವಾಗ ಕರೆದರೂ ಹಾಜರಾಗಬೇಕು. ಇಂಥದ್ದೊಂದು ಪಟ್ಟಿ ಸಿಗುತ್ತದೆಂದು ಗೊತ್ತಿದ್ದರೆ ನಿಮಗೂ ಒಂದು ಮಾಡಿಸಿ ತರಬಹುದಿತ್ತು ಎಂದಳು ಸುಮತಿ.

ಅಂಗಡಿ ತೆರೆದ ಮೊದಲ ದಿನವೇ ಹೋದೆ. ಸೆಲ್ವಂ ಸಣಕಲಾಗಿದ್ದ. ದರ್ಶಿನಿ ಬಾಗಿಲ ಬಳಿ ಕೂತು ಚಿತ್ರ ಬರೆಯುತ್ತಾ, ಅಪ್ಪ ಇದ್ದಾರಾ ಎಂದು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದಳು. ಅವನು ನನ್ನ ತಲೆಯನ್ನು ಕಂಡು ಕಣ್ಣೊರೆಸಿಕೊಂಡು ಬಟ್ಟೆ ಹೊದಿಸಿದ. ಇವತ್ತು ನಾನು ಬಾಯಿ ಬಿಡುವುದಿಲ್ಲ, ಅವನೇ ಮಾತಾಡಲಿ, ಒಳಗೆ ಹೇಗಿತ್ತು ಎಂದು ಕೇಳಿ ಕಿವಿಗೊಡುತ್ತೇನೆ ಎಂದು ತೀರ್ಮಾನಿಸಿಯೇ ಕೂತಿದ್ದೆ. ಒಂದು ಕಿವಿಯ ಸುತ್ತಲಿನ ಕೂದಲು ಇಳಿಯಿತು. ಸೆಲ್ವಂ ಕೈ ನಿಲ್ಲಿಸಿದ.

‘ಯಾಕೆ ಸಾರ್ ಸುಮ್ಮನಿದ್ದೀರಿ? ಒಳಗೆ ಎಲ್ಲರದೂ ಅವರವರ ಕೇಸಿನ ಮಾತೇ. ನಿಮ್ಮ ಮಾತು ಕೇಳದೆ ಒಂದೂವರೆ ವರ್ಷ ಆಯ್ತು. ಹೇಳಿ ಸಾರ್, ಕೊಲೆಸ್ಟ್ರಾಲ್ ಎಷ್ಟಿದೆ?’

ಅಷ್ಟು ಪ್ರೀತಿಯಿಂದ ಕೇಳಿದ ಮೇಲೆ ಹೇಳದಿರಲು ನಾನೇನು ಕಲ್ಲೇ? ಕೊಲೆಸ್ಟ್ರಾಲಿನಿಂದ ಶುರುವಾದದ್ದು ಅನಘಾಳ ಲೆಕ್ಕ, ಕಾಲೇಜಿನ ರಾಜಕೀಯ, ಸೆರೆಂಬಾನಿನ ಅಲೆದಾಟವೆಲ್ಲ ದಾಟಿ ಮುಕ್ಕಾಲು ಗಂಟೆ ನಡೆಯಿತು. ‘ಆಮಾ ಸಾರ್’ ಎಂದು ಅವನು ನಗುತ್ತಾ ಕತ್ತರಿಸಿದ. ಮನೆಗೆ ಬಂದಾಗ ಸುಮತಿ ನನ್ನ ತಲೆ ನೋಡಿ ಮೊದಲು ದೇವರಿಗೆ ಕೈಮುಗಿದಳು. ಆಮೇಲೆ ಪಾಪ, ಸೆಲ್ವಂ ಏನು ಹೇಳಿದ, ಒಳಗೆ ಕಷ್ಟ ಇತ್ತಂತಾ ಎಂದು ಕೇಳಿದಳು. ನನಗೆ ಅದನ್ನು ಕೇಳುವುದೇ ಮರೆತುಹೋಗಿತ್ತು. ಹದಿನೈದು ದಿನ, ಹೆಚ್ಚೆಂದರೆ. ಅಷ್ಟರೊಳಗೆ ಆ ಕುರ್ಚಿಗೆ ಖಂಡಿತ ವಾಪಸ್ ಹೋಗುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ ಎಂದು ಸುಮತಿಗೆ ಹೇಳಿದೆ. ವಾಪಸ್ ಹೋಗುವುದಕ್ಕೆ ಮಾತ್ರ ಗ್ಯಾರಂಟಿ ಕೊಡಿ, ಸಾಕು ಎಂದಳು.